ಜಾಡಿಗೆ ತೂತು ಹೊಡೆಯದೆ ಗಿಡ ಇಟ್ಟ ಕಥೆ

ಮೊದಲೇ ಹೇಳ್ಬಿಡ್ತೀನಿ, ಪ್ಲಾಸ್ಟಿಕ್ ಗಿಡ ಕಂಡ್ರೆ ಮೂಗು ಮುರಿಯೋರಲ್ಲಿ ನಾನೂ ಒಬ್ಳಾಗಿದ್ದೆ. ಕ್ಲಿನಿಕ್ಕಲ್ಲಿ ಟೋಕನ್ ಕೊಡೋ ಟೇಬಲ್ ಮೇಲೆ ಧೂಳು ಹಿಡ್ಕೊಂಡು ಕೂತಿರ್ತಾವಲ್ಲ, ಅಂಥದ್ದು ನಮ್ಮನೇಲಿ ಬೇಡವೇ ಬೇಡ ಅಂತಿದ್ದೆ. ಆದ್ರೆ ನಮ್ಮ ಹಾಲ್‌ಗಿರೋದು ಒಂದೇ ಕಿಟಕಿ, ಅದೂ ಪಕ್ಕದ ಬಿಲ್ಡಿಂಗಿನ ಗೋಡೆ ನೋಡ್ಕೊಂಡಿದೆ, ಬೆಂಗಳೂರಲ್ಲಿ ಬಾಡಿಗೆ ಮನೇಲಿರೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಮೂರು ವರ್ಷ ನರ್ಸರಿಯಿಂದ ಎಚೆವೇರಿಯಾ (ಗುಲಾಬಿ ಹೂವಿನ ಥರ ದಪ್ಪ ಎಲೆ ಜೋಡಿಸ್ಕೊಂಡಿರೋ ಸಕ್ಯುಲೆಂಟ್, ಅಂದ್ರೆ ಎಲೆಯಲ್ಲೇ ನೀರು ಕೂಡಿಡೋ ಗಿಡ) ತಂದು ತಂದು ಇಟ್ಟೆ, ಎಲ್ಲಾ ಬೆಳಕು ಹುಡುಕ್ಕೊಂಡು ಕತ್ತು ಉದ್ದ ಮಾಡಿ, ಎಲೆ ದೂರ ದೂರ ಆಗಿ, ಕೊನೆಗೆ ಜುಲೈ ತಿಂಗಳ ಜಿಟಿಜಿಟಿ ಮಳೆಗೆ ಬುಡ ಕೊಳೆತು ಹೋಗ್ತಿದ್ವು. ಮೆಕ್ಸಿಕೋ ಕಡೆ ಒಣ ಬೆಟ್ಟದ ಗಿಡ ಅವು, ನಮ್ಮ ಹಾಲ್ ಅವಕ್ಕೆ ಒಗ್ಗಲಿಲ್ಲ.

ಆದ್ರೂ ನಾನು ಆರ್ಟಿಫಿಶಿಯಲ್ ಕಡೆ ತಿರುಗಿದ್ದು ಅದಕ್ಕಲ್ಲ, ಒಂದು ಜಾಡಿಯಿಂದ. ಸಾಗರದ ಮನೆ ಅಟ್ಟ ಖಾಲಿ ಮಾಡ್ಬೇಕಾದ್ರೆ ಅತ್ತೆ ಒಂದು ಉಪ್ಪಿನಕಾಯಿ ಭರಣಿ ಕೊಟ್ಟಿದ್ರು (ಮೈಸೂರು ಕಡೆಯವಳು ನಾನು, ನಮಗೆ ಜಾಡಿ, ಅವರಿಗೆ ಭರಣಿ, ಇದರ ಮೇಲೆ ನಮ್ಮನೇಲಿ ವರ್ಷಕ್ಕೊಂದು ಸಲ ಚರ್ಚೆ ಆಗತ್ತೆ). ಮೇಲೆ ಕಂದು ಕೆಳಗೆ ಬಿಳಿ ಇರತ್ತಲ್ಲ, ಆ ಪಿಂಗಾಣಿದು, ಮುಚ್ಚಳ ಒಡೆದಿತ್ತು. ಅದರಲ್ಲಿ ಸಕ್ಯುಲೆಂಟ್ ಹಾಕೋಣ ಅಂತ ತಳಕ್ಕೆ ತೂತು ಹೊಡಿಸೋಕೆ ಹಾರ್ಡ್‌ವೇರ್ ಅಂಗಡಿಗೆ ಹೊತ್ಕೊಂಡು ಹೋದೆ. ಡೈಮಂಡ್ ಬಿಟ್ ಹಾಕಿ ಹೊಡಿತೀನಿ, ಆದ್ರೆ ಬಿರುಕು ಬಿಟ್ರೆ ನನ್ನ ಕೇಳ್ಬೇಡಿ ಅಂದ ಹುಡುಗ. ಅಷ್ಟು ವರ್ಷ ಮಿಡಿ ಹಾಕಿ ಉಪ್ಪು ಕುಡಿದ ಜಾಡಿ, ನನ್ನ ಮೂರು ತಿಂಗಳ ಗಿಡಕ್ಕೋಸ್ಕರ ಒಡೀಬೇಕಾ ಅನ್ನಿಸ್ತು, ವಾಪಸ್ ತಂದೆ. ನೀರೇ ಬೇಡದ ಗಿಡ ಆದ್ರೆ ತೂತೂ ಬೇಡ, ಯಾವ ಪಾತ್ರೆಗೂ ಗಾಯ ಮಾಡ್ಬೇಕಾಗಿಲ್ಲ ಅಂತ ಹೊಳೆದಿದ್ದು ಆವಾಗ.

ಅಲ್ಲಿಂದ ಗುಜರಿ ಹುಚ್ಚು ಹಿಡೀತು. ಭಾನುವಾರ ಬೆಳಗ್ಗೆ ಬಿವಿಕೆ ಅಯ್ಯಂಗಾರ್ ರೋಡ್ ಕಡೆ ಸಂಡೆ ಬಜಾರಲ್ಲಿ ಫುಟ್‌ಪಾತ್ ಮೇಲೆ ಹರಡಿರ್ತಾರೆ, ಹಾಗೇ ನಮ್ಮ ಏರಿಯಾ ಗುಜರಿ ಅಂಗಡಿ. ಅಲ್ಯೂಮಿನಿಯಂ ಸಾಮಾನು ತೂಕಕ್ಕೆ ಕೊಡ್ತಾರೆ, ಆದ್ರೆ ಹಿತ್ತಾಳೆ ಅಂದ್ರೆ ಮುಖ ನೋಡಿ ರೇಟು, ಹ್ಯಾಂಡ್‌ಬ್ಯಾಗ್ ಹಾಕ್ಕೊಂಡು ಹೋದ್ರೆ ಒಂದು, ಬಟ್ಟೆ ಚೀಲ ಹಿಡ್ಕೊಂಡು ಹೋದ್ರೆ ಒಂದು. ನನಗೆ ಸಿಕ್ಕಿದ್ರಲ್ಲಿ ಬೆಸ್ಟ್ ಅಂದ್ರೆ ಅಕ್ಕಿ ಅಳೆಯೋ ಪಾವು, 180 ರೂಪಾಯಿ ಕೊಟ್ಟೆ, ಒಂದೇ ಒಂದು ಗಿಡಕ್ಕೆ ಅಳತೆ ಮಾಡಿ ಹೊಲಿಸಿದ ಹಾಗಿದೆ. ಆಮೇಲೆ ಎನಾಮೆಲ್ ಮಗ್, ಟೀ ಅಂಗಡಿ ಕೆಟಲ್, ಕೆಂಡ ಹಾಕೋ ಇಸ್ತ್ರಿಪೆಟ್ಟಿಗೆ (ಮುಚ್ಚಳ ತೆಗೆದಿಟ್ರೆ ಒಳ್ಳೆ ತೊಟ್ಟಿ), ಹಿಡಿ ಮುರಿದ ಕುಕ್ಕರ್, ಬಿಸ್ಕತ್ ಡಬ್ಬ. ಪಿಂಗಾಣಿ ಆದ್ರೆ ಬೆರಳ ಗೆಣ್ಣಲ್ಲಿ ತಟ್ಟಿ ನೋಡಿ, ಟಣ್ ಅಂದ್ರೆ ಸರಿ, ಬದ್ ಅಂತ ಸದ್ದು ಬಂದ್ರೆ ಎಲ್ಲೋ ಸೀಳಿದೆ ಅಂತ. ನಮಗೆ ನೀರು ನಿಲ್ಲಿಸೋ ಕೆಲಸ ಇಲ್ಲ, ಹಾಗಾಗಿ ಸೀಳಿದ್ರೂ ಪರವಾಗಿಲ್ಲ, ರೇಟು ಇಳಿಸೋಕೆ ಆಗತ್ತೆ.

ತೊಳೆಯೋದ್ರಲ್ಲಿ ನಾನು ಸ್ವಲ್ಪ ಸೋಮಾರಿ. ಹಿತ್ತಾಳೆನ ಹುಣಸೆಹಣ್ಣಲ್ಲಿ ಉಜ್ಜಿ ಫಳಫಳ ಮಾಡಿದ್ದೆ ಮೊದಲ್ನೇ ಸಲ, ದೇವರ ಮನೆ ಸಾಮಾನು ದಾರಿ ತಪ್ಪಿ ಹಾಲ್‌ಗೆ ಬಂದ ಹಾಗೆ ಕಾಣ್ತಿತ್ತು. ಈಗ ಸೋಪ್ ನೀರು ಅಷ್ಟೇ, ಆ ಹಳೇ ಕಪ್ಪು ಹಾಗೇ ಇರ್ಲಿ. ಕಬ್ಬಿಣದ್ದು, ತಗಡಿಂದು ಆದ್ರೆ ಮಾತ್ರ ತುಕ್ಕನ್ನ ಎಮರಿ ಪೇಪರಲ್ಲಿ ಉಜ್ಜಿ ಒಳಗಡೆ ಒಂದು ಕೋಟ್ ರೆಡ್ ಆಕ್ಸೈಡ್ ಹೊಡಿತೀನಿ. ಹೊರಗಡೆ ಹಳೇ ಪೇಂಟ್ ಇದ್ರೆ ಅದನ್ನ ಉಜ್ಜೋಕೆ ಹೋಗ್ಬೇಡಿ, ಹಳೇ ಪೇಂಟಲ್ಲಿ ಸೀಸ ಇರೋ ಸಾಧ್ಯತೆ ಇದೆ, ಪುಡಿ ಮೂಗಿಗೆ ಹೋಗತ್ತೆ, ಅದೂ ಅಲ್ದೆ ಆ ಪೇಂಟ್ ಎದ್ದಿರೋದೇ ಚಂದ.

ಗಿಡಗಳನ್ನ ಮಾಮೂಲ್‌ಪೇಟೆಯಿಂದ ತಂದೆ. ಅಂಗಡಿಯವನು ಜೊತೆಗೆ ಒಂದು ಹಸಿರು ಇಟ್ಟಿಗೆ ಥರದ ಫೋಮ್ ಕೊಟ್ಟ, ಚುಚ್ಚಿ ಮೇಡಂ ಆರಾಮಾಗಿ ಹೋಗತ್ತೆ ಅಂತ. ಹೋಯ್ತು ನಿಜ, ಆದ್ರೆ ವಾರ ಆಗೋದ್ರೊಳಗೆ ತೂತೆಲ್ಲ ಸಡಿಲ ಆಗಿ ಗಿಡಗಳೆಲ್ಲ ಬಸ್ಸಲ್ಲಿ ತೂಕಡಿಸೋರ ಥರ ಒಂದೊಂದು ಕಡೆ ವಾಲಿದ್ವು. ಹಸಿರು ಫೋಮ್ ನಿಜವಾದ ಹೂವಿಗೆ, ನೀರು ಹೀರಿಸೋಕೆ, ಒಣಗಿದ್ದಾಗ ಪುಡಿ ಪುಡಿ ಆಗತ್ತೆ. ಆರ್ಟಿಫಿಶಿಯಲ್‌ಗೆ ಬೇಕಾಗಿರೋದು ಕಂದು ಇಲ್ಲಾ ಬೂದು ಬಣ್ಣದ ಡ್ರೈ ಫೋಮ್. ಎರಡನ್ನ ಕೊಯ್ಯುವಾಗ್ಲೂ ಮಾಸ್ಕ್ ಹಾಕ್ಕೊಳ್ಳಿ, ಆ ಪುಡಿ ಗಂಟಲು ಕೆರೆಯತ್ತೆ.

ಎರಡ್ನೇ ಸಲ ಜಾಣತನ ಮಾಡಕ್ಕೆ ಹೋಗಿ ಟಿವಿ ಬಾಕ್ಸಿನ ಥರ್ಮೋಕೋಲ್ ಇಟ್ಟೆ. ಫ್ರೀ ಅಲ್ವಾ. ಅದಕ್ಕೆ ಫೆವಿಕ್ವಿಕ್ ಹಾಕಿದೆ ನೋಡಿ, ಅಂಟೋದು ಬಿಡಿ, ಥರ್ಮೋಕೋಲೇ ಕರಗಿ ಗುಂಡಿ ಬಿತ್ತು! ಫೆವಿಕ್ವಿಕ್, ಆ ಚಪ್ಪಲಿ ಅಂಟಿಸೋ ಹಳದಿ ಗಮ್, ಎರಡೂ ಥರ್ಮೋಕೋಲನ್ನ ತಿಂದು ಹಾಕ್ತವೆ. ಹಾಟ್ ಗ್ಲೂ ಗನ್ ಕೂಡ ದೊಡ್ಡ ಸ್ಟಿಕ್ಕಿಂದು ಜಾಸ್ತಿ ಬಿಸಿ, ನೇರ ಹಾಕಿದ್ರೆ ಕರಗತ್ತೆ. ಈಗ ನಾನು ಮಾಡೋದು ಹೀಗೆ: ಅಗರಬತ್ತಿ ಕಡ್ಡಿಯಲ್ಲಿ ಮೊದಲು ತೂತು ಮಾಡ್ಕೊಂಡು, ಗ್ಲೂನ ಗಿಡದ ಕಾಂಡಕ್ಕೆ ಹಚ್ಚಿ, ಹತ್ತು ಎಣಿಸಿ, ಆಮೇಲೆ ಚುಚ್ಚೋದು. ಅರ್ಜೆಂಟ್ ಇಲ್ಲಾಂದ್ರೆ ಮಾಮೂಲಿ ಬಿಳಿ ಫೆವಿಕಾಲೇ ಸಾಕು, ಒಂದು ದಿನ ಒಣಗಕ್ಕೆ ಬಿಡ್ಬೇಕು ಅಷ್ಟೇ. ಕಾಂಡ ಗಿಡ್ಡ ಇರೋದಕ್ಕೆ ಕಂಬಿ ಕಟ್ಟೋ ಬೈಂಡಿಂಗ್ ವೈರ್ ಸುತ್ತಿ ಉದ್ದ ಮಾಡ್ಕೊಳ್ತೀನಿ. ಪಾತ್ರೆ ತಳಕ್ಕೆ ಎರಡು ಹಿಡಿ ಜಲ್ಲಿ, ಇಲ್ಲಾಂದ್ರೆ ಫ್ಯಾನ್ ಗಾಳಿಗೇ ಮಗುಚ್ಕೊಳ್ಳತ್ತೆ, ಮಧ್ಯೆ ಮುದುರಿದ ನ್ಯೂಸ್‌ಪೇಪರ್, ಮೇಲೆ ಫೋಮ್, ಬಾಯಿಂದ ಒಂದು ಬೆರಳಗಲ ಕೆಳಗೆ ನಿಲ್ಲಬೇಕು.

ಇಷ್ಟಾದ್ರೂ ನೋಡಕ್ಕೆ ಕ್ಲಿನಿಕ್ ಗಿಡವೇ. ಯಾಕೆ ಅಂತ ತಿಳಿಯೋಕೆ ಪಕ್ಕದ ಮನೆ ಟೆರೇಸಲ್ಲಿರೋ ನಿಜವಾದ ಎಚೆವೇರಿಯಾನ ಒಂದಿನ ಅರ್ಧ ಗಂಟೆ ಕೂತು ನೋಡಿದೆ, ಆಂಟಿ ಬಂದು "ಏನಮ್ಮ ಏನಾದ್ರೂ ಬಿದ್ದೋಯ್ತಾ" ಅಂತ ಕೇಳಿದ್ರು. ಮೊದಲ್ನೇದು, ನಿಜವಾದ ಗಿಡಕ್ಕೆ ಹೊಳಪಿಲ್ಲ, ಮೇಲೆ ವಿಭೂತಿ ಹಚ್ಚಿದ ಹಾಗೆ ಒಂದು ಮೇಣದ ಪುಡಿ ಇದೆ, ಬೆರಳು ತಾಗಿದ ಕಡೆ ಅಳಿಸಿ ಹೋಗಿರತ್ತೆ. ಎಲೆ ತುದಿಯಲ್ಲಿ ಮಾತ್ರ ಗುಲಾಬಿ. ಬುಡದಲ್ಲಿ ಒಂದೆರಡು ಎಲೆ ಸುಕ್ಕಾಗಿ ಒಣಗಿರತ್ತೆ. ಆಮೇಲೆ ಎಲೆಗಳು ಒಂದರ ಮೇಲೊಂದು ನೇರ ಕೂರಲ್ಲ, ಸುತ್ತಿ ಸುತ್ತಿ, ಸುಮಾರು 137.5 ಡಿಗ್ರಿ ತಿರುಗಿ ಬರ್ತವೆ ಹೊಸ ಎಲೆಗಳು, ಸೂರ್ಯಕಾಂತಿ ಬೀಜದ ಲೆಕ್ಕವೂ ಇದೇ. ಪ್ಲಾಸ್ಟಿಕ್‌ದರಲ್ಲಿ ಎಲೆಗಳು ಚಕ್ರ ಚಕ್ರವಾಗಿ ಪೋಣಿಸಿರ್ತಾರೆ, ಎಷ್ಟೋ ಸಲ ಎಲ್ಲಾ ಸಾಲೂ ಒಂದೇ ಗೆರೆಗೆ ಬಂದಿರತ್ತೆ, ಕಣ್ಣಿಗೆ ಸುಳ್ಳು ಅಂತ ಗೊತ್ತಾಗೋದು ಅಲ್ಲೇ. ಬಿಚ್ಚೋಕೆ ಬರೋ ಥರದ್ದಾದ್ರೆ ಪ್ರತಿ ಚಕ್ರನೂ ಸ್ವಲ್ಪ ತಿರುಗಿಸಿ ಕೂರಿಸಿ, ಇದೊಂದು ಮಾಡಿದ್ರೆ ಅರ್ಧ ಕೆಲಸ ಮುಗೀತು.

ಉಳಿದರ್ಧ: ಎಲೆ ಅಂಚಲ್ಲಿ ಅಚ್ಚಿನ ಗೆರೆ ಎದ್ದಿರತ್ತೆ, ಅದನ್ನ ನೇಲ್ ಕಟರಲ್ಲಿ ಕತ್ತರಿಸೋದು. ಸೋಪಲ್ಲಿ ತೊಳೆದು, ಮ್ಯಾಟ್ ವಾರ್ನಿಶ್ ಸ್ಪ್ರೇ ತೆಳ್ಳಗೆ ಒಂದು ಸಲ, ಅದು ಇನ್ನೂ ಅಂಟಂಟಾಗಿರುವಾಗ್ಲೇ ಬಿಳಿ ಚಾಕ್ ಪೀಸ್ ತೇಯ್ದ ಪುಡಿನ ಮೇಕಪ್ ಬ್ರಷಲ್ಲಿ ಉದುರಿಸೋದು. ತುದಿಗೆ ಅಕ್ರಿಲಿಕ್ ಗುಲಾಬಿ, ಬ್ರಷ್ ಹೆಚ್ಚು ಕಡಿಮೆ ಒಣಗಿರ್ಬೇಕು. ಕೆಳಗಿನ ಎರಡು ಎಲೆಗೆ ಕಂದು ಬಳಿದು ಲೈಟರ್ ದೂರದಿಂದ ತೋರಿಸಿದ್ರೆ ತಾನೇ ಮುದುಡ್ಕೊಳ್ಳತ್ತೆ, ಕಿಟಕಿ ತೆಗೆದಿಟ್ಟು ಮಾಡಿ, ವಾರ್ನಿಶ್ ಹೊಡೆಯೋಕೆ ಮುಂಚೆ ಮಾಡಿ, ನಾನು ಉಲ್ಟಾ ಮಾಡಿ ಭಗ್ ಅಂತ ಒಂದು ಗಿಡ ಕಳ್ಕೊಂಡೆ, ಹುಬ್ಬೂ ಸ್ವಲ್ಪ ಹೋಯ್ತು.

ಜೋಡಿಸೋದಕ್ಕೆ ದೊಡ್ಡ ರೂಲ್ ಏನಿಲ್ಲ. ದೊಡ್ಡದು ಮಧ್ಯಕ್ಕೆ ಬೇಡ, ಒಂದು ಪಕ್ಕಕ್ಕಿರ್ಲಿ, ಒಂದಾದ್ರೂ ಅಂಚಿಂದ ಹೊರಗೆ ಇಳಿಬಿದ್ದಿರ್ಲಿ, ಮುತ್ತಿನ ಸರದ ಥರ ಇರೋ ಗಿಡ ಇದಕ್ಕೆ ಚೆನ್ನಾಗಿ ಬರತ್ತೆ. ಬಿಳಿ ಪೆಬಲ್ಸ್ ದಯವಿಟ್ಟು ಬೇಡ, ಹೋಟೆಲ್ ವಾಶ್ ಬೇಸಿನ್ ನೆನಪಾಗತ್ತೆ. ಜರಡಿ ಹಿಡಿದ ಎಂ ಸ್ಯಾಂಡು, ನಾಲ್ಕು ಕಲ್ಲು, ಒಣ ತೆಂಗಿನಕಾಯಿ ಜುಟ್ಟು ಬಿಡಿಸಿ ಹಾಕಿದ್ರೆ ಮಣ್ಣಿನ ಹಾಗೇ ಕಾಣತ್ತೆ.

ಅತ್ತೆ ಮೊದಲ್ನೇ ಸಲ ನೋಡಿ, "ಎಂಥದು ಮಾರಾಯ್ತಿ ಇದು, ಸುಳ್ಳು ಗಿಡಕ್ಕೆ ಇಷ್ಟು ಶೃಂಗಾರ" ಅಂದ್ರು. ಆವಾಗ ಎಲ್ಲೋ ಓದಿದ್ದು ಹೇಳ್ದೆ, ಎಚೆವೇರಿಯಾ ಅನ್ನೋ ಹೆಸರು ಬಂದಿದ್ದೇ ಒಬ್ಬ ಚಿತ್ರ ಬರೆಯೋನಿಂದ, ಅತನಾಸಿಯೋ ಎಚೆವೆರಿಯಾ ಅಂತ, ಮೆಕ್ಸಿಕೋದಲ್ಲಿ ಗಿಡಗಳ ಚಿತ್ರ ಬರೀತಿದ್ದ, 1828ರಲ್ಲಿ ದೆ ಕಾಂಡೋಲ್ ಅನ್ನೋ ಸಸ್ಯಶಾಸ್ತ್ರಜ್ಞ ಆ ಹೆಸರಿಟ್ಟಿದ್ದು. ಅವನು ಮಾಡ್ತಿದ್ದಿದ್ದೂ ನಕಲೇ ಅಲ್ವಾ ಅತ್ತೆ ಅಂದೆ. "ಅವ ಬಣ್ಣದಲ್ಲಿ ಬರ್ದ, ನೀನು ಪ್ಲಾಸ್ಟಿಕ್ ತಂದೆ" ಅಂದು ಒಳಗೆ ಹೋದ್ರು. ಅದಕ್ಕೆ ಉತ್ತರ ಇನ್ನೂ ಹೊಳೆದಿಲ್ಲ ನನಗೆ.

ಎಡವಟ್ಟುಗಳು ಇನ್ನೆರಡು. ಊರಿಗೆ ಹೋಗಿದ್ದಾಗ ಮನೆಕೆಲಸಕ್ಕೆ ಬರೋ ಅಕ್ಕ ಪಾಪ ಎರಡು ವಾರ ಎಲ್ಲದಕ್ಕೂ ನೀರು ಹಾಕಿದ್ದಾರೆ. ತೂತಿಲ್ಲ ಅಂತ ನಾನು ಹೆಮ್ಮೆ ಪಟ್ಟಿದ್ದು ಇಲ್ಲಿ ಕೈಕೊಡ್ತು, ಬಿಸ್ಕತ್ ಡಬ್ಬ ಕೆಳಗಿಂದ ತುಕ್ಕು ಹಿಡಿದು ಟೇಬಲ್ ಮೇಲೆ ಕೆಂಪು ಉಂಗುರ ಬಿತ್ತು, ನ್ಯೂಸ್‌ಪೇಪರ್ ನಾತ, ಮೇಲೆ ಸೊಳ್ಳೆ ಬೇರೆ. ಇನ್ನೊಂದು, ತಂಗಿ ಮನೇಲಿ ಪಶ್ಚಿಮದ ಕಿಟಕಿಗೆ ಇಟ್ಟಿದ್ದ ಕೆಟಲ್ ಗಿಡ ಒಂದು ಬೇಸಿಗೆಗೇ ನೀಲಿ ತಿರುಗಿ ಬಿಳಿಚ್ಕೊಂಡುಬಿಡ್ತು. ನಿಜವಾದ ಗಿಡಕ್ಕೆ ಬಿಸಿಲು ಬೇಕು, ಇದಕ್ಕೆ ಬಿಸಿಲೇ ವಿಷ. ಧೂಳಿಗೆ ತಿಂಗಳಿಗೊಂದು ಸಲ ಹೇರ್ ಡ್ರೈಯರ್, ತಣ್ಣಗಿನ ಗಾಳಿ.

ಜಾಡಿ ಏನಾಯ್ತು ಅಂತ ಕೇಳಿದ್ರೆ, ಮಾರ್ಚ್‌ನಲ್ಲಿ ಸಾಗರದಿಂದ ಅಪ್ಪೆಮಿಡಿ ಬಂತು. ಅತ್ತೆ ಸೀದಾ ಹಾಲ್‌ಗೆ ಬಂದು "ಆ ಭರಣಿ ಖಾಲಿ ಮಾಡಿಕೊಡು" ಅಂದ್ರು. ಮುಚ್ಚಳ ಇಲ್ವಲ್ಲ ಅತ್ತೆ ಅಂದೆ, ಬಟ್ಟೆ ಕಟ್ಟಿದ್ರಾಯ್ತು ಅಂದ್ರು. ನಾನು ಫೋಮನ್ನ ಒಳಗೋಡೆಗೇ ಹಾಟ್ ಗ್ಲೂ ಹಾಕಿ ಕೂರಿಸಿದ್ದೆ! ಅಂಚಿಗೆ ಹತ್ತಿಯಲ್ಲಿ ಸ್ಯಾನಿಟೈಸರ್ ಹಚ್ಚಿ ಎರಡು ನಿಮಿಷ ಬಿಟ್ರೆ ಗ್ಲೂ ನುಣ್ಣನೆ ಪಿಂಗಾಣಿಯಿಂದ ಸಿಪ್ಪೆ ಥರ ಬಿಟ್ಕೊಳ್ಳತ್ತೆ, ಬಚಾವಾದೆ. ಆಮೇಲೆ ಸೋಪ್, ಬಿಸಿನೀರು, ಮೂರು ದಿನ ಬಿಸಿಲು. ಅವತ್ತಿಂದ ಯಾವ ಪಾತ್ರೆಗೂ ನೇರವಾಗಿ ಅಂಟಿಸೋದಿಲ್ಲ, ಒಂದು ಪ್ಲಾಸ್ಟಿಕ್ ಡಬ್ಬದೊಳಗೆ ಎಲ್ಲಾ ಜೋಡಿಸಿ ಆ ಡಬ್ಬನ ಪಾತ್ರೆಯೊಳಗೆ ಇಳಿಸ್ತೀನಿ, ಸುತ್ತ ಬಟ್ಟೆ ತುರುಕಿ. ಬೇಕಾದಾಗ ಎತ್ತಿಟ್ರಾಯ್ತು. ಸದ್ಯಕ್ಕೆ ಜಾಡಿಯ ಗಿಡ ಹಿಡಿ ಮುರಿದ ಕುಕ್ಕರಲ್ಲಿದೆ, ಮಿಡಿ ಮುಗಿಯೋವರೆಗೂ.