ಗೊತ್ತಿಲ್ಲದ ಅಡುಗೆ, ಮೊದಲ ಸಲ

ದೊಡ್ಡ ನಗರದಲ್ಲಿ ಹೊಸ ಬಗೆಯ ರೆಸ್ಟೋರೆಂಟಿಗೆ ಮೊದಲ ಸಲ ಹೋಗುವುದಾದರೆ ಶನಿವಾರ ರಾತ್ರಿ ಬೇಡ. ವಾರದ ದಿನ ಸ್ವಲ್ಪ ಬೇಗ ಹೋಗಿ, ಆಗ ಬಡಿಸುವವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ. "ಯಾವುದು ಚೆನ್ನಾಗಿದೆ?" ಅಂತ ಕೇಳಿದರೆ ಎಲ್ಲಾ ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ಅಲ್ವಾ? ಅದರ ಬದಲು "ನಿಮ್ಮ ಕಡೆಯವರು ಬಂದರೆ ಏನು ತಿನ್ನುತ್ತಾರೆ?" ಅಂತ ಕೇಳಿ. ನನಗೆ ಒಳ್ಳೊಳ್ಳೆ ಊಟ ಸಿಕ್ಕಿದ್ದು ಈ ಒಂದು ಪ್ರಶ್ನೆಯಿಂದಲೇ.

ಒಟ್ಟಿಗೆ ಎಲ್ಲಾ ಆರ್ಡರ್ ಮಾಡಬೇಡಿ. ನಾಲ್ಕು ಜನರಿದ್ದರೆ ಮೊದಲು ಎರಡೇ ತರಿಸಿ ಹಂಚಿಕೊಳ್ಳಿ. ತಟ್ಟೆ ಎಷ್ಟು ದೊಡ್ಡದು, ಖಾರ ಎಷ್ಟು ಅಂತ ಗೊತ್ತಾದ ಮೇಲೆ ಮುಂದಿನದು.

ಅಲರ್ಜಿ ಇದ್ದವರು ದಯವಿಟ್ಟು ಮೆನು ಮಾತ್ರ ನಂಬಬೇಡಿ. ಎಳ್ಳು, ಕಡಲೆಕಾಯಿ, ಮೀನಿನ ಅಂಶ ಸಾಸ್‌ನಲ್ಲೂ ಇರಬಹುದು. ಕೂತ ತಕ್ಷಣ ಹೇಳಿಬಿಡಿ.