ಪಟ್ಟು ಬಿಡದ ತಿರುಪು: ಕಾರಿನ ಟ್ಯಾಂಪರ್‌ಪ್ರೂಫ್ ಸ್ಕ್ರೂ ಬಿಚ್ಚುವುದು ಹೇಗೆ?

ದಸರಾ ಹೊತ್ತಿಗೆ ಮಳೆ ಹಿಂದೆ ಸರಿಯುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಯಂಗಳದಲ್ಲೇ ಕಾರಿನ ಸಣ್ಣಪುಟ್ಟ ರಿಪೇರಿ ಮಾಡಿಕೊಳ್ಳುವವರು ಬಾನೆಟ್ ಎತ್ತುವುದು ಆಗಲೇ. ನಾಲ್ಕು ತಿಂಗಳು ನೆನೆದ ಗಾಡಿಯಲ್ಲಿ ಸ್ಕ್ರೂಗಳಿಗೆಲ್ಲ ಕೆಮ್ಮಣ್ಣು ಮೆತ್ತಿರುತ್ತದೆ, ತುಕ್ಕು ಕಟ್ಟಿರುತ್ತದೆ. ಅವುಗಳ ನಡುವೆ ಒಂದೆರಡರ ತಲೆಯೇ ಬೇರೆ: ನಕ್ಷತ್ರದಂಥ ಗುಳಿ, ಗುಳಿಯ ನಟ್ಟನಡುವೆ ಎದ್ದು ನಿಂತ ಸಣ್ಣ ಪಿನ್ನು. ಮನೆಯಲ್ಲಿರುವ ಯಾವ ಸ್ಕ್ರೂಡ್ರೈವರೂ ಅದಕ್ಕೆ ಕೂರುವುದಿಲ್ಲ. ಕಂಡವರೆಲ್ಲ ಬಿಚ್ಚಬಾರದೆಂದೇ ಕಂಪನಿ ಹಾಕಿದ ಟ್ಯಾಂಪರ್‌ಪ್ರೂಫ್ ಸ್ಕ್ರೂ ಇದು. ಹಲವು ಕಾರುಗಳಲ್ಲಿ ಎಂಜಿನ್‌ಗೆ ಹೋಗುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರ್ ಕೂತಿರುವುದು ಇಂಥದೇ ಸ್ಕ್ರೂಗಳ ಮೇಲೆ.

ಈ ಸ್ಕ್ರೂ ಹಾಳಾಗುವುದು ಬಹುತೇಕ ಮೊದಲ ಅರ್ಧ ನಿಮಿಷದಲ್ಲಿ. ಕೈಗೆ ಸಿಕ್ಕ ಚಪ್ಪಟೆ ಸ್ಕ್ರೂಡ್ರೈವರನ್ನು ಪಿನ್ನಿನ ಪಕ್ಕ ತೂರಿಸಿ ತಿರುಗಿಸಿದರೆ ಗುಳಿಯ ಅಂಚು ಸವೆಯುತ್ತದೆ. ಆಮೇಲೆ ಸರಿಯಾದ ಬಿಟ್ (ಸ್ಕ್ರೂಡ್ರೈವರ್ ಹಿಡಿಕೆಗೆ ಸಿಕ್ಕಿಸುವ ತುದಿ) ತಂದರೂ ಹಿಡಿತ ಸಿಗುವುದಿಲ್ಲ. ಹಾಗಾಗಿ ಬಿಟ್ ಕೈಗೆ ಬರುವ ತನಕ ಸ್ಕ್ರೂ ಮುಟ್ಟಬೇಡಿ.

ಮೊದಲು ಸರಿಯಾದ ಬಿಟ್

ನಕ್ಷತ್ರದ ಗುಳಿಯ ಈ ಸ್ಕ್ರೂಗಳಿಗೆ ಟಾರ್ಕ್ಸ್ ಎಂದು ಹೆಸರು. 1967ರಲ್ಲಿ ಅಮೆರಿಕದ ಕ್ಯಾಮ್‌ಕಾರ್ ಟೆಕ್ಸ್ಟ್ರಾನ್ ಕಂಪನಿ ಇದನ್ನು ರೂಪಿಸಿತು. ಗುಳಿಯ ಆರು ಗೋಡೆಗಳು ನೇರವಾಗಿರುವುದರಿಂದ ಬಿಟ್ ಮೇಲಕ್ಕೆ ಜಾರುವುದಿಲ್ಲ, ಕೈಯ ಬಲವೆಲ್ಲ ತಿರುಗುವುದಕ್ಕೇ ಹೋಗುತ್ತದೆ. ಬಿಟ್ ಪೂರ್ತಿ ಒಳಗೆ ಕೂತರೆ ಮಾತ್ರ ಈ ಮಾತು ನಿಜ. ನಡುವೆ ಪಿನ್ನಿರುವ ಸ್ಕ್ರೂಗೆ ತುದಿಯಲ್ಲಿ ತೂತಿರುವ ಬಿಟ್ ಬೇಕು.

ಶಿವಮೊಗ್ಗದ ಗಾಂಧಿ ಬಜಾರಿನ ಹಾರ್ಡ್‌ವೇರ್ ಅಂಗಡಿಗೋ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್ ಕಡೆಗೋ ಹೋದಾಗ ಬರೀ ‘ಸ್ಟಾರ್ ಬಿಟ್’ ಕೇಳಿದರೆ ನಾಲ್ಕು ಮೂಲೆಯ ಸಾಮಾನ್ಯ ಬಿಟ್ಟನ್ನೇ ಕೊಟ್ಟಾರು. ಸ್ಕ್ರೂ ತಲೆಯ ಫೋಟೊ ಮೊಬೈಲಿನಲ್ಲಿ ಹತ್ತಿರದಿಂದ ತೆಗೆದುಕೊಂಡು ಹೋಗಿ, ‘ಟಾರ್ಕ್ಸ್, ನಡುವೆ ತೂತಿರಬೇಕು’ ಎನ್ನಿ. ಒಂದೇ ಬಿಟ್ ಬದಲು ಟಿ-10ರಿಂದ ಟಿ-40ರವರೆಗಿನ ಸೆಟ್ ತರುವುದು ಒಳ್ಳೆಯದು; ಅಂಕಿ ದೊಡ್ಡದಾದಷ್ಟೂ ಬಿಟ್ ದೊಡ್ಡದು. ಟಿ-20ಕ್ಕೂ ಟಿ-25ಕ್ಕೂ ಇರುವ ವ್ಯತ್ಯಾಸ ಅರ್ಧ ಮಿಲಿಮೀಟರಿನಷ್ಟು, ಕಣ್ಣಿಗೆ ತಿಳಿಯದು. ಒಂದು ಸೈಜು ಚಿಕ್ಕ ಬಿಟ್ ಕೂಡ ಒಳಗೆ ಇಳಿಯುತ್ತದೆ, ತಿರುಗಿಸಿದ ತಕ್ಷಣ ಗುಳಿಯನ್ನು ಕೊರೆದುಹಾಕುತ್ತದೆ. ಇಳಿಯುವ ಬಿಟ್‌ಗಳಲ್ಲಿ ಅತಿ ದೊಡ್ಡದೇ ಸರಿಯಾದದ್ದು. ಎಸ್-2 ಉಕ್ಕಿನದು ಎಂದು ಬರೆದಿರುವುದನ್ನು ಆರಿಸಿ. ತೀರಾ ಅಗ್ಗದ ಬಿಟ್‌ಗಳು ತುಕ್ಕಿನ ಸ್ಕ್ರೂ ಎದುರು ತಾವೇ ತಿರುಚಿಕೊಳ್ಳುತ್ತವೆ.

ಹೊಸನಗರ ತಾಲ್ಲೂಕಿನ ನಗರ, ನಿಟ್ಟೂರಿನಂಥ ಊರುಗಳಿಂದ ಪೇಟೆಗೆ ಬಂದವರು ಮುಂದೆ ಹೇಳುವ ಸಾಮಾನುಗಳನ್ನೂ ಒಟ್ಟಿಗೇ ಒಯ್ಯಿರಿ. ಅರ್ಧ ಬಿಚ್ಚಿದ ಕಾರಿನಲ್ಲಿ ಮತ್ತೆ ಪೇಟೆಗೆ ಬರಲಾಗುವುದಿಲ್ಲ.

ಗುಳಿ ತೊಳೆಯಿರಿ, ಎಣ್ಣೆ ಕುಡಿಸಿ

ಮಲೆನಾಡಿನ ಗಾಡಿಗಳಲ್ಲಿ ಇದೇ ಮುಖ್ಯ ಕೆಲಸ. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಪಿನ್ನಿನ ಸುತ್ತ ಕೆಮ್ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಸೇಫ್ಟಿ ಪಿನ್ನಿನಿಂದ ಕೆದಕಿ, ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ತಳದ ಲೋಹ ಕಾಣಬೇಕು. ನಂತರ ಬಿಟ್ ಇಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸಿ. ಕೈಬಿಟ್ಟರೂ ಬಿಟ್ ಅಲುಗದೆ ನಿಲ್ಲಬೇಕು.

ಇನ್ನು ತುಕ್ಕು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ. ಥ್ರೆಡ್ಡಿನ (ಸ್ಕ್ರೂ ಮೈಮೇಲಿನ ಸುರುಳಿ ಗೀರಿನ) ಸಂದಿಯಲ್ಲಿ ಹಾಗೆ ಉಬ್ಬಿ ಬಿಗಿಯಾದುದನ್ನು ತೋಳಿನ ಬಲದಿಂದ ಗೆಲ್ಲಲು ಹೋದರೆ ಮುರಿಯುವುದು ಸ್ಕ್ರೂ. ತುಕ್ಕು ಬಿಡಿಸುವ ಸ್ಪ್ರೇ, ಉದಾಹರಣೆಗೆ ಡಬ್ಲ್ಯುಡಿ-40, ಸ್ಕ್ರೂ ತಲೆಯ ಬುಡಕ್ಕೆ ಹೊಡೆದು, ಬಿಟ್ ಮೇಲೆ ನಾಲ್ಕು ಸಲ ತಟ್ಟಿ, ರಾತ್ರಿಯಿಡೀ ಬಿಡಿ. ಮಧ್ಯೆ ಒಮ್ಮೆ ಮತ್ತೆ ಹೊಡೆಯಿರಿ. ತಟ್ಟುವುದು ವ್ಯರ್ಥವಲ್ಲ: ಆ ಅದುರಿಗೆ ತುಕ್ಕು ಬಿರಿದು ಎಣ್ಣೆ ಒಳಗಿಳಿಯಲು ದಾರಿಯಾಗುತ್ತದೆ. ಬ್ರೇಕ್ ಡಿಸ್ಕ್, ಪ್ಯಾಡ್‌ಗಳ ಹತ್ತಿರ ಮಾತ್ರ ಸ್ಪ್ರೇ ಬೇಡ. ಆಗುಂಬೆ ಘಾಟಿ ಇಳಿಯುವ ಗಾಡಿಯ ಬ್ರೇಕಿಗೆ ಎಣ್ಣೆ ತಾಗಿದರೆ ಜೀವಕ್ಕೇ ಅಪಾಯ. ಎಂಎಎಫ್ ಸೆನ್ಸರಿನ ಒಳಗೂ ಹೋಗಬಾರದು. ಅದರ ತಂತಿ ಕೂದಲಿಗಿಂತ ನಾಜೂಕು.

ತಿರುಗಿಸುವ ಕ್ರಮ

ಬೆಳಿಗ್ಗೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟು ಕೆಲಸ ಶುರುಮಾಡಿ. ಅಂಗೈಯನ್ನು ಹಿಡಿಕೆಯ ಹಿಂದಿಟ್ಟು ಮೈಭಾರ ಹಾಕಿ ಒತ್ತಿ, ಮೊದಲು ಕೂದಲೆಳೆಯಷ್ಟು ಬಿಗಿಮಾಡಿ. ತುಕ್ಕಿನ ಕಟ್ಟು ಒಡೆದರೆ ‘ಟಕ್’ ಎಂಬ ಸದ್ದು ಕೇಳುತ್ತದೆ. ಆಮೇಲೆ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ. ಕಾಲು ಸುತ್ತು ಬಂದರೆ ಒಂದಿಷ್ಟು ಹಿಂದಕ್ಕೆ, ಮತ್ತೆ ಮುಂದಕ್ಕೆ. ಒಂದೇ ದಿಕ್ಕಿನಲ್ಲಿ ಎಳೆದರೆ ತುಕ್ಕಿನ ಪುಡಿ ಥ್ರೆಡ್ಡಿನಲ್ಲಿ ಸಿಕ್ಕಿಕೊಂಡು ಮತ್ತೆ ಜಾಮ್ ಆಗುತ್ತದೆ.

ಕದಲಲಿಲ್ಲವೆಂದರೆ ಇಂಪ್ಯಾಕ್ಟ್ ಡ್ರೈವರ್ ಬಳಸಬಹುದು. ಸುತ್ತಿಗೆಯಿಂದ ಹೊಡೆದಾಗ ಬಿಟ್ಟನ್ನು ಕೆಳಕ್ಕೆ ಒತ್ತುತ್ತಲೇ ತುಸು ತಿರುಗಿಸುವ ಕೈಸಾಧನ ಅದು. ಬಾಗಿಲಿನ ಲಾಕ್ ಕೂರುವ ಉಕ್ಕಿನ ಚೌಕಟ್ಟಿನಂಥ ಗಟ್ಟಿ ಜಾಗಕ್ಕೆ ಸರಿ; ಪ್ಲಾಸ್ಟಿಕ್ ಪೆಟ್ಟಿಗೆಗೂ ತೆಳು ಅಲ್ಯೂಮಿನಿಯಂಗೂ ಹೊಡೆದರೆ ಸೀಳುತ್ತದೆ.

ಅಲ್ಯೂಮಿನಿಯಂನಲ್ಲಿ ಉಕ್ಕಿನ ಸ್ಕ್ರೂ ಸಿಕ್ಕಿಕೊಂಡಿದ್ದರೆ ಬಿಸಿಯೇ ಮದ್ದು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಹಾಟ್ ಏರ್ ಗನ್ ಸಾಕು, ಬೆಂಕಿಯ ಜ್ವಾಲೆ ಬೇಡ. ತುಕ್ಕಿನ ಸ್ಪ್ರೇ ಹೊತ್ತಿಕೊಳ್ಳುವ ವಸ್ತು. ಅದನ್ನು ಪೂರ್ತಿ ಒರೆಸಿ, ಒಣಗಿದ ಮೇಲೆಯೇ ಬಿಸಿ ಕೊಡಿ. ಪೆಟ್ರೋಲ್ ಪೈಪಿನ ಹತ್ತಿರ ಬಿಸಿ ಕೊಡಲೇಬೇಡಿ. ಥ್ರೆಡ್ಡಿನಲ್ಲಿ ಕೆಂಪು ಥ್ರೆಡ್ ಲಾಕರ್ ಅಂಟು ಹಾಕಿದ್ದರೆ ಅದು ಮೆದುವಾಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕು. ಪ್ಲಾಸ್ಟಿಕ್ ಭಾಗದಲ್ಲಿ ಸೋಲ್ಡರಿಂಗ್ ಕಡ್ಡಿಯ ತುದಿಯನ್ನು ಸ್ಕ್ರೂ ತಲೆಗಷ್ಟೇ ಮುಟ್ಟಿಸಿ ಹಿಡಿಯಿರಿ.

ಬಿಟ್ ಇಲ್ಲ, ಅಥವಾ ಗುಳಿ ಸವೆದಿದೆ

ತೂತಿನ ಬಿಟ್ ಸಿಗದೇ ಹೋದರೆ ನಡುವಿನ ಪಿನ್ನನ್ನು ಮುರಿಯಬಹುದು. ಚಿಕ್ಕ ಚಪ್ಪಟೆ ಸ್ಕ್ರೂಡ್ರೈವರನ್ನು ಪಿನ್ನಿನ ಪಕ್ಕ ಇಟ್ಟು ಒಂದೇ ಏಟು ಹೊಡೆದರೆ ಸಾಮಾನ್ಯವಾಗಿ ಮುರಿಯುತ್ತದೆ. ಬಳಿಕ ಮಾಮೂಲಿ ಟಾರ್ಕ್ಸ್ ಬಿಟ್ ಕೂರುತ್ತದೆ. ಚೂರನ್ನು ಆಯಸ್ಕಾಂತದಿಂದ ಎತ್ತಿ ತೆಗೆಯಿರಿ. ಗುಳಿ ಸ್ವಲ್ಪವೇ ಸವೆದಿದ್ದರೆ ಬಿಟ್ಟಿನ ತುದಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸವರಿ. ಅದರ ಹರಳುಗಳಿಂದ ಹಿಡಿತ ಬರುತ್ತದೆ. ತಲೆ ಮೇಲೆದ್ದು ನಿಂತ ಸ್ಕ್ರೂ ಆದರೆ ಕಚ್ಚಿ ಲಾಕ್ ಆಗುವ ಇಕ್ಕಳವಾದ ವೈಸ್ ಗ್ರಿಪ್‌ನಿಂದ ಬಿಗಿಯಾಗಿ ಕಚ್ಚಿಸಿ ತಿರುಗಿಸಿ, ಇಲ್ಲವೇ ಹ್ಯಾಕ್ಸಾ ಬ್ಲೇಡಿನಿಂದ ತಲೆಗೆ ಅಡ್ಡ ಗೀರು ಕೊಯ್ದು ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ.

ಯಾವುದೂ ನಡೆಯದಿದ್ದರೆ ಡ್ರಿಲ್. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಚೂಪು ಮೊನೆಯ ಉಕ್ಕಿನ ಕಡ್ಡಿಯಾದ ಸೆಂಟರ್ ಪಂಚ್‌ನಿಂದ ಗುರುತು ಮಾಡಿ, ನಿಧಾನ ವೇಗದಲ್ಲಿ ತಲೆಯನ್ನಷ್ಟೇ ಕೊರೆದು ತೆಗೆಯಿರಿ. ಟಿ-20 ಗುಳಿ ಸಾಮಾನ್ಯವಾಗಿ 4 ಮಿ.ಮೀ. ಸ್ಕ್ರೂವಿನದು, ಹಾಗಾಗಿ 4 ಮಿ.ಮೀ. ಡ್ರಿಲ್ ಬಿಟ್ ಸಾಕು. ತಲೆ ಹೋದ ಮೇಲೆ ಒತ್ತಡವೇ ಇಳಿದಿರುತ್ತದೆ. ಭಾಗವನ್ನು ಎತ್ತಿ ತೆಗೆದು, ಉಳಿದ ಮೋಟನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿದರೆ ಬರುತ್ತದೆ. ಸ್ಕ್ರೂ ಒಳಗೆ ತೂರಿಸಿ ಹೊರಗೆಳೆಯುವ ಎಕ್ಸ್‌ಟ್ರಾಕ್ಟರನ್ನು ಸಣ್ಣ ಸ್ಕ್ರೂಗಳಿಗೆ ನಾನು ಹೇಳುವುದಿಲ್ಲ. ಅದು ಬಹಳ ಗಡಸು ಉಕ್ಕು, ಒಳಗೇ ಮುರಿದರೆ ಮನೆಯ ಡ್ರಿಲ್ ಅದನ್ನು ಕೊರೆಯದು, ಲೇತ್ ಅಂಗಡಿಗೇ ಹೋಗಬೇಕು. ಎಂಎಎಫ್ ಸೆನ್ಸರ್ ಇದ್ದರೆ ಇಡೀ ಗಾಳಿಯ ಕೊಳವೆಯನ್ನು ಕಾರಿನಿಂದ ಬೇರ್ಪಡಿಸಿಕೊಂಡೇ ಕೊರೆಯಿರಿ. ಲೋಹದ ಪುಡಿ ಎಂಜಿನ್ನಿಗೆ ಹೋಗಬಾರದು.

ಮುಟ್ಟಬಾರದವು

ಏರ್‌ಬ್ಯಾಗ್ ಹಿಡಿದಿರುವ ಸ್ಕ್ರೂಗಳನ್ನು ಮನೆಯಲ್ಲಿ ಬಿಚ್ಚಬೇಡಿ. ಸ್ಟೀರಿಂಗ್ ಲಾಕಿನಲ್ಲಿ ತಲೆ ಮುರಿದುಕೊಳ್ಳುವಂತೆ ಮಾಡಿರುವ ಬೋಲ್ಟ್ ಕಳ್ಳರನ್ನು ತಡೆಯಲಿಕ್ಕೆ ಇರುವುದು, ಅದನ್ನೂ ಕೆಣಕಬೇಡಿ. ಹೈ ಸೆಕ್ಯೂರಿಟಿ ನಂಬರ್ ಪ್ಲೇಟಿನ ಸ್ನ್ಯಾಪ್ ಲಾಕ್ ತೆಗೆದರೆ ಮತ್ತೆ ಹಾಕಲು ಬರುವುದಿಲ್ಲ. 2019ರ ಏಪ್ರಿಲ್ 1ರಿಂದ ತಯಾರಾದ ಗಾಡಿಗಳಿಗೆ ಇಂಥ ಪ್ಲೇಟ್ ಕಡ್ಡಾಯ. ಬಂಪರ್ ಬಿಚ್ಚುವಾಗ ಪ್ಲೇಟ್ ಅಡ್ಡ ಬಂದರೂ ಅದನ್ನು ಬಂಪರಿನೊಂದಿಗೇ ಇಳಿಸಿ.

ಮತ್ತೆ ಹಾಕುವಾಗ

ಬಿಚ್ಚಿದ ಹಳೆಯ ಸ್ಕ್ರೂ ಮತ್ತೆ ಹಾಕಬೇಡಿ. ಅದೇ ಅಳತೆಯ ಹೊಸದು ತನ್ನಿ. ಸೆನ್ಸರ್, ಏರ್ ಬಾಕ್ಸ್‌ನಂಥ ಕಡೆ ಮಾಮೂಲಿ ಟಾರ್ಕ್ಸ್ ಅಥವಾ ಅಲೆನ್ (ಆರು ಮೂಲೆಯ ಗುಳಿಯ) ತಲೆಯದಾದರೆ ಮುಂದಿನ ಸಲ ಸುಲಭ. ಲೋಹದೊಳಗೆ ಹೋಗುವ ಥ್ರೆಡ್ಡಿಗೆ ತಾಮ್ರದ ಗ್ರೀಸ್ ತೆಳ್ಳಗೆ ಸವರಿ. ಹಾಗೆ ಸವರಿದ ಸ್ಕ್ರೂ ಕಡಿಮೆ ಬಲಕ್ಕೇ ಬಿಗಿಯಾಗುತ್ತದೆ, ಹೆಚ್ಚು ಎಳೆದರೆ ಥ್ರೆಡ್ ಹೋಗುತ್ತದೆ. ಸೆನ್ಸರ್ ಸ್ಕ್ರೂಗೆ ಎರಡು ಬೆರಳಿನ ಬಲ ಸಾಕು. ಮುಗಿದ ಮೇಲೆ ಯಾವ ಸ್ಕ್ರೂಗೆ ಯಾವ ಸೈಜಿನ ಬಿಟ್ ಎಂದು ಬರೆದು ಬಿಟ್ ಸೆಟ್ಟಿನ ಮುಚ್ಚಳದ ಒಳಗೆ ಅಂಟಿಸಿಡಿ.