ಮೀನ ಇರೋ ಜಾಗ ಹುಡುಕೂದು ಹೆಂಗ?

ಯೂಟ್ಯೂಬದಾಗ ಟ್ರೌಟ್ ಅನ್ನೋ ಮೀನ ಹಿಡಿಯೋ ವಿಡಿಯೋ ನೋಡಿ, ಅಂಥದ್ದೇ ರಾಡ್ ತರಿಸ್ಕೊಂಡು, "ಅಣ್ಣಾ, ಕಲಬುರಗಿ ಹತ್ರ ಟ್ರೌಟ್ ಎಲ್ಲಿ ಸಿಗ್ತದ" ಅಂತ ಕೇಳೋರು ವರ್ಷಕ್ಕ ಒಬ್ಬರಾದ್ರೂ ನನಗ ಗಂಟು ಬೀಳ್ತಾರ. ಸಿಗಂಗಿಲ್ಲಪ್ಪಾ. ಅದಕ್ಕ 20 ಡಿಗ್ರಿ ಒಳಗಿನ ತಣ್ಣನ ಹರಿಯೋ ನೀರು ಬೇಕು, ನೀಲಗಿರಿ, ಮುನ್ನಾರ್, ಹಿಮಾಚಲ, ಕಾಶ್ಮೀರದ ಕಡೆ ಅದ, ನಮ್ಮಲ್ಲಿ ಮೇ ತಿಂಗಳ ಬಿಸಲು 42 ದಾಟತದ. ನಮ್ಮ ಪಾಲಿಗೆ ಕಟ್ಲಾ, ರೋಹು, ಮೃಗಾಲ್, ಜಿಲೇಬಿ (ತಿಲಾಪಿಯಾ), ಕೊರಮೀನ ಅವ, ಅಷ್ಟ ಸಾಕು.

ಮೊದ್ಲ ಕೇಳಿ ಹೋಗ್ರಿ. ಭಾಳಷ್ಟು ಕೆರಿ ಮೀನುಗಾರರ ಸೊಸೈಟಿಗೆ ಗುತ್ತಿಗಿ ಕೊಟ್ಟಿರ್ತಾರ, ಅವರು ದುಡ್ಡು ಹಾಕಿ ಮರಿ ಬಿಟ್ಟಿರ್ತಾರ, ನೀವು ಸುಮ್ಮ ಹೋಗಿ ಗಾಳ ಹಾಕಿದ್ರ ಅದು ಕಳವು. ದಂಡಿಮ್ಯಾಗ ಬಲಿ ಹೆಣಿಯೋ ಕಾಕಾಗ ನಮಸ್ಕಾರ ಹೇಳಿ ಚಾ ಕುಡಿಸಿದ್ರ ಅರ್ಧ ಕೆಲಸ ಅಲ್ಲೇ ಮುಗೀತದ. ಚಿಂಚೋಳಿ ಕಡೆ ಚಂದ್ರಂಪಳ್ಳಿ ಡ್ಯಾಮ್ ಅಭಯಾರಣ್ಯದಾಗ ಬರ್ತದ, ಅಲ್ಲಿ ಅರಣ್ಯ ಇಲಾಖಿ ಪರ್ಮಿಷನ್ ಇಲ್ದ ಗಾಳ ಹಾಕಬ್ಯಾಡ್ರಿ.

ಆಮ್ಯಾಲ ಜಾಗ. ಎಲ್ಲಾರೂ ಕೆಡಸೂದು ಇಲ್ಲೇ. ದಂಡಿಗಿ ನಿಂತು ಎಷ್ಟು ದೂರ ಒಗದ್ರ ಅಷ್ಟು ದೊಡ್ಡ ಮೀನು ಅಂತ ತಿಳ್ಕೊಂಡು ನಟ್ಟ ನಡುವ ಒಗೀತಾರ. ನಾನೂ ಒಗದೀನಿ. ಒಂದ ಮಧ್ಯಾಹ್ನ ಮೂರು ಗಾಳ ಏನೋ ಒಂದಕ್ಕ ಸಿಕ್ಕು ಹರದು ಹೋದ್ವು, ದೊಡ್ಡ ಮೀನೇ ಎಳದದ ಅಂತ ಊರ ತುಂಬ ಹೇಳ್ಕೊಂಡು ತಿರಗಿದೆ. ಮುಂದ ಏಪ್ರಿಲ್‌ದಾಗ ಕೆರಿ ಇಳದಾಗ ಹೋಗಿ ನೋಡ್ತೀನಿ, ಒಣಗಿದ ಜಾಲಿ ಬೊಡ್ಡಿಗೆ ನನ್ನ ಮೂರೂ ಗಾಳ ಜಂಗ್ ಹಿಡದು ಜೋತಾಡಾಕತ್ತಾವ. ಆ ಬೊಡ್ಡಿಯಿಂದ ಹತ್ತು ಹೆಜ್ಜಿಗೆ ಒಂದು ಹಳೇ ಬಾವಿ, ಸುತ್ತ ಶಹಾಬಾದ್ ಕಲ್ಲು. ನೀರು ತುಂಬಿದಾಗ ಮೀನು ಕೂಡೋ ಜಾಗ ಅದು.

ಅದಕ್ಕ ಹೇಳ್ತೀನಿ, ಬ್ಯಾಸಿಗ್ಯಾಗ ಗಾಳ ಮನ್ಯಾಗ ಬಿಟ್ಟು ಬರಿಗೈಲೆ ಕೆರಿಗಿ ಹೋಗ್ರಿ. ಎರಿ ಮಣ್ಣು ಬಿರಕ ಬಿಟ್ಟಿರ್ತದ, ತಳ ಪೂರಾ ಕಾಣತದ. ಹಳೇ ಹಳ್ಳ ಎಲ್ಲಿ ಹರೀತಿತ್ತು, ದಂಡಿ ಎಲ್ಲಿ ಗಪ್ಪನ ಇಳೀತದ, ಬೊಡ್ಡಿ ಎಲ್ಲಿ ಅವ, ಮೊಬೈಲ್‌ದಾಗ ಪಿನ್ ಹಾಕ್ರಿ, ಫೋಟೋದಾಗ ದಂಡಿ ಮ್ಯಾಲಿನ ಬೇವಿನ ಗಿಡಾನೋ ಗುಡಿ ಶಿಖರಾನೋ ಬರೋ ಹಂಗ ತಗೀರಿ, ಇಲ್ಲಂದ್ರ ಅಕ್ಟೋಬರ್‌ದಾಗ ನೀರು ತುಂಬಿದ ಮ್ಯಾಲ ಎಲ್ಲಾ ಒಂದೇ ಕಾಣತದ. ಬೆಣ್ಣೆತೊರಾ, ಕಾರಂಜಾದಂಥ ದೊಡ್ಡ ಜಲಾಶಯದಾಗ ಎಲ್ಲಾ ಅಡ್ಡಾಡೂದು ಆಗಂಗಿಲ್ಲ, ಹಳ್ಳ ಬಂದು ಸೇರೋ ಮೂಲಿ ಒಂದು ಹಿಡೀರಿ ಸಾಕು. ಆದ್ರ ಭೀಮಾ-ಅಮರ್ಜಾ ಕೂಡೋ ಗಾಣಗಾಪುರದ ಸಂಗಮದಾಗ ಬ್ಯಾಡ, ಮಂದಿ ಸ್ನಾನಾ ಮಾಡ್ತಿರ್ತಾರ.

ನೀರು ಬಂದ ಮ್ಯಾಲ ಆಳ ಅಳೀಬೇಕು. ಗಾಳ ಕಟ್ಟದ, ದಾರಕ್ಕ ನೀರಿನ ಮ್ಯಾಲ ತೇಲೋ ಬೆಂಡು ಮತ್ತ ತುದೀಗಿ ಭಾರಾದ ಸೀಸದ ಗುಂಡು ಅಷ್ಟೇ ಕಟ್ಟಿ ಒಗೀರಿ. ಬೆಂಡು ಮುಳುಗಿತಂದ್ರ ಆಳ ಇನ್ನೂ ಜಾಸ್ತಿ ಅದ, ಬೆಂಡು ಮ್ಯಾಲ ಸರಸ್ರಿ. ಅಡ್ಡ ಬಿದ್ದು ಮಲಗಿತಂದ್ರ ದಾರ ಹೆಚ್ಚಾಗ್ಯದ, ಕೆಳಗ ಇಳಸ್ರಿ. ತುದಿ ಅಷ್ಟೇ ಕಾಣೋ ಹಂಗ ನೆಟ್ಟಗ ನಿಂತ್ರ ಅದೇ ಆಳ, ಬೆಂಡು ಇರೋ ಕಡೆ ಕೆಂಪು ದಾರ ಕಟ್ಟಿ ಗುರ್ತು ಮಾಡ್ಕೊಳ್ರಿ. ಮೂರು ಹೆಜ್ಜಿ ಸರದು ಮತ್ತ ಒಗೀರಿ. ಎರಡು ಫೂಟ್ ಇದ್ದದ್ದು ಒಮ್ಮಿಗೇ ಐದು ಫೂಟ್ ಆಯ್ತಂದ್ರ ಅಲ್ಲೇ ಕೂಡ್ರಿ. ಮೃಗಾಲ್ ತಳದಾಗ ಮೇಯ್ತದ, ಅದಕ್ಕ ಗಾಳಕ್ಕ ಸಿಗಿಸಿದ ಹಿಟ್ಟು ನೆಲಾ ಮುಟ್ಟಬೇಕು. ಕಟ್ಲಾನ ಬಾಯಿ ಮ್ಯಾಕ ತಿರಗಿರ್ತದ, ಅದಕ್ಕ ಮ್ಯಾಲೇ ಇಡಬೇಕು.

ಬೆಂಡಂದ್ರ ಜ್ವಾಳದ ದಂಟಿನ ಬೆಂಡೇ ನನಗ ಸೇರತದ, ತಾಸೆರಡು ತಾಸಿಗೆ ನೀರು ಕುಡೀತದ ಖರೆ, ಜೇಬಿನ್ಯಾಗ ನಾಕು ಇಟ್ಕೊಂಡ್ರಾಯ್ತು. ಆನ್‌ಲೈನ್‌ದಾಗ ಬರೋ ರಾಡ್-ರೀಲ್ ಕಾಂಬೊ ಸೆಟ್ ತಗೋಬ್ಯಾಡ್ರಿ, ನಂದು ಎರಡನೇ ರವಿವಾರಕ್ಕೇ ರೀಲಿನ ಹಲ್ಲು ಸವದು ಗರಗರ ತಿರಗಾಕತ್ತಿತು. ಬಿದಿರ ಕಟಗಿ ಸಾಕು.

ಸಾಮಾನು ರೆಡಿ ಆದ್ರ ಮುಂಜಾನಿ ಇಲ್ಲಾ ಸಂಜಿಗಿ ಹೋಗ್ರಿ. ಗಾಳಿ ಯಾವ ದಂಡಿಗಿ ಬಡೀತದೋ ಆ ದಂಡಿ ಹಿಡೀರಿ, ಮೇವು ಅಲ್ಲೇ ಬಂದು ಕೂಡತದ.

ಬ್ಲೀಚಿಂಗ್ ಪೌಡರ್, ಸಿಡಿಮದ್ದು ಹಾಕಿ ಮೀನ ಹಿಡೀರಿ ಅಂತ ಸಲಹಾ ಕೊಡೋರು ಸಿಗ್ತಾರ, ಅವರ ಸಂಗತಿ ಹೋಗಲೇಬ್ಯಾಡ್ರಿ, ಕಾಯ್ದೆ ಪ್ರಕಾರ ಅದು ಅಪರಾಧ. ಬ್ಯಾರೇಜ್ ಗೇಟಿನ ಕೆಳಗ ಮೀನು ಗಿಜಿಗಿಜಿ ಅಂತಾವ, ಆದ್ರ ನೀರು ಯಾವಾಗ ಬಿಡ್ತಾರ ಗೊತ್ತಾಗಂಗಿಲ್ಲ. ಚಿತ್ತಾಪುರ, ಸೇಡಂ ಕಡೆ ನೀರು ತುಂಬಿದ ಫರಸಿ ಖಣಿ ದಂಡಿಗೂ ಬ್ಯಾಡ, ಕಾಲು ಜಾರಿದ್ರ ಹತ್ತಾಕ ಮೆಟ್ಟಲಿರಂಗಿಲ್ಲ. ಯಾದಗಿರಿ ಕಡೆ ಕೃಷ್ಣಾ ಹೊಳ್ಯಾಗ ಮೊಸಳಿ ಅವ, ಕಾಲು ಇಳಿಬಿಟ್ಟು ಕೂಡಬ್ಯಾಡ್ರಿ.

ಒಂದು ತಾಸು ಬೆಂಡು ಅಲ್ಲಾಡಲಿಲ್ಲಂದ್ರ ಗಾಡಿ ಹತ್ತಿ ಇನ್ನೊಂದು ಕೆರಿಗಿ ಓಡಬ್ಯಾಡ್ರಿ, ಹತ್ತು ಹೆಜ್ಜಿ ಸರದು ಮತ್ತ ಆಳ ಅಳೀರಿ.